ಬಿಸಿಲಿನ ಗಾಳಿ

ಹೊಟ್ಟೆಯೊಳಗೆ ಕುಳಿತುಕೊಂಡೇ ನನ್ನ ಮೇಲೆ ದರ್ಬಾರು ನಡೆಸುತ್ತಿರುವ ನನ್ನ ಕೂಸೇ,

ನಿನಗಿನ್ನೂ ಹೆಸರಿಲ್ಲ. ಹೆಣ್ಣೋ ಗಂಡೋ ಗೊತ್ತಿಲ್ಲ, ಮೂಗು ಯಾರದು, ಕಿವಿ ಯಾರದು ಗೊತ್ತಿಲ್ಲ. ನಿನ್ನ ವಿಷಯದಲ್ಲಿ ನನಗೆ ಖಾತ್ರಿಯಾಗಿ ಗೊತ್ತಿರುವುದು ಒಂದೇ, ನಿನಗೆ ಸೆಕೆಯ ಕುದಿ ತಡೆಯಲಾಗುವುದಿಲ್ಲ. ಶಾಲೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತ ಮರುಗಳಿಗೆಯೇ ಪಕ್ಕೆಗೆ ಒದೆಯಲು ಶುರು ಮಾಡುತ್ತಿದ್ದೆ. ನಾನೇನು ಕರೆಂಟಿನ ಆಫೀಸಿನವಳೇ? ನನ್ನನ್ನು ಒದ್ದರೆ ಲೈನು ಬರುತ್ತದೆಯೇ? ಮಗ್ಗಿ ಹೇಳಿಕೊಡುತ್ತಿದ್ದವಳು ನಡುವೆ "ಅವ್ವಾ" ಎಂದು ಸೊಂಟ ಹಿಡಿದುಕೊಂಡರೆ ಎರಡನೇ ಇಯತ್ತೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಈಗ ರಜೆ ಹಾಕಿ ಮನೆಯಲ್ಲಿದ್ದೇನೆ. ಒದೆಯುವುದನ್ನು ಮಾತ್ರ ನೀನು ಬಿಟ್ಟಿಲ್ಲ.

ಹೆದರಿಕೆಯನ್ನು ಹೇಳಿಕೊಳ್ಳಲು ಈ ಮನೆಯಲ್ಲಿ ಯಾರೂ ಸಿಗಲಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಹೆರಿಗೆಯ ಹೆದರಿಕೆಯಲ್ಲ. ಅದಕ್ಕೆ ಶಹಾಪುರದ ಆಸ್ಪತ್ರೆ ಇದೆ, ನರ್ಸುಗಳಿದ್ದಾರೆ, ನಾನೂ ಗಟ್ಟಿಯಾಗಿದ್ದೇನೆ. ನನ್ನ ಹೆದರಿಕೆ ಆಮೇಲಿನದು. ಆಸ್ಪತ್ರೆಯಿಂದ ಬಂದು ನಾನೂ ನೀನೂ ಸೇರಬೇಕಾದ ಖೋಲಿಯದು.

ನಮ್ಮ ಮನೆ ಗೋಗಿಯ ದಾರಿಯಲ್ಲಿ ಆಟೋ ಇಳಿದು ಕಾಲುವೆಯ ದಂಡೆ ಹಿಡಿದು ನಡೆದರೆ ಸಿಗುತ್ತದೆ. ಕಲ್ಲಿನ ಗೋಡೆ, ಮೇಲೆ ಫರಸಿಕಲ್ಲು ಹಾಸಿದ ಮಾಳಿಗೆ. ಹಿತ್ತಲ ಗೋಡೆ ದಾಟಿದರೆ ಭತ್ತದ ಗದ್ದೆ, ಗದ್ದೆಯ ತುಂಬ ನೀರು. ಒಳಗಿನ ಖೋಲಿ ಬಾಣಂತಿಯದು. ಅದಕ್ಕೆ ಒಂದೇ ಒಂದು ಸಣ್ಣ ಕಿಟಕಿ. ಬಾಣಂತಿ ಬರುತ್ತಾಳೆಂದರೆ ಮೊದಲು ಆ ಕಿಟಕಿಗೆ ಹಳೆಯ ಸೀರೆ ತುರುಕುತ್ತಾರೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ತಲೆಗೆ ಬಿಗಿದ ಬಟ್ಟೆ, ಕಿವಿಗೆ ಅರಳೆ, ಲೋಬಾನದ ಹೊಗೆ. ಫ್ಯಾನಿನ ಮಾತೆತ್ತಿದರೆ ಮುಗಿಯಿತು. "ಥಂಡಿ ಗಾಳಿ ಬಡದ್ರ ಬಾಣಂತಿ ಸೆಟದು ಹೋಗ್ತಾಳ" ಎನ್ನುತ್ತಾಳೆ ನಿನ್ನ ಅಜ್ಜಿ ತಿಮ್ಮವ್ವ, ಅಂದರೆ ನನ್ನ ಅತ್ತೆ. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಹೀಗಾಗಿ ತವರಿನ ಬಾಣಂತನ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಎರಡೂ ಸಲ ನನಗೆ ಅತ್ತೆಯೇ ದಿಕ್ಕು.

ಎರಡೂ ಸಲ ಎಂದೆ ನೋಡು. ನಿನಗಿಂತ ಮೊದಲು ಆ ಖೋಲಿಯಲ್ಲಿ ನಿನ್ನ ಅಕ್ಕ ಮಲಗಿದ್ದಳು. ಯುಗಾದಿಯ ಹಿಂದುಮುಂದು ಹುಟ್ಟಿದವಳು. ನೀನೂ ಸರಿಯಾಗಿ ಅದೇ ಹೊತ್ತಿಗೇ ಹೊರಟಿದ್ದೀಯಲ್ಲ, ನಿಮಗಿಬ್ಬರಿಗೂ ಬೇರೆ ತಿಂಗಳೇ ಸಿಗಲಿಲ್ಲವೇ? ಎರಡನೇ ಬೆಳೆಯ ಭತ್ತ ಹಾಲು ತುಂಬಿ ನಿಂತಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಖೋಲಿಯೊಳಗೆ ಗೋಡೆಗೆ ಕೈ ಇಟ್ಟರೆ ಅಂಗೈ ತೇವವಾಗುತ್ತಿತ್ತು. ಅವಳ ತಲೆಗೆ ಕುಂಚಿಗೆ ಕಟ್ಟಿ, ಮೇಲೊಂದು ಕೌದಿ ಹೊದಿಸಿ, ಕೆಳಗೆ ಕೆಂಡ ಇಟ್ಟಿದ್ದರು. ನನಗೇ ಉಸಿರು ಕಟ್ಟುತ್ತಿತ್ತು, ಆ ಅಂಗೈಯಗಲದ ಜೀವಕ್ಕೆ ಏನಾಗಿರಬೇಡ! ಮೈ ಸುಡಲು ಶುರುವಾಯಿತು. ಬಾಯಿ ಒಣಗಿತು. ಮೊಲೆಗೆ ಬಾಯಿ ಇಟ್ಟರೂ ಎಳೆಯುವ ತ್ರಾಣ ಇರಲಿಲ್ಲ. ಹಗಲಿಡೀ ಕಾದ ಫರಸಿ ರಾತ್ರಿಯೆಲ್ಲ ಕಾವು ಇಳಿಸುತ್ತದೆ, ಅದಕ್ಕೇ ಆ ಖೋಲಿಗೆ ರಾತ್ರಿಯೇ ಕೆಟ್ಟದ್ದು. ನಸುಕಿನಲ್ಲಿ ನಿನ್ನಪ್ಪ ಮರಿಲಿಂಗಪ್ಪ ಅವಳನ್ನು ಎದೆಗವಚಿಕೊಂಡು ಬೈಕಿನ ಮೇಲೆ ಶಹಾಪುರಕ್ಕೆ ಓಡಿದ. ಬಿಸಿಲೇರುವ ಮೊದಲೇ ತಿರುಗಿ ಬಂದ. ಅವನ ನಡಿಗೆ ನೋಡಿಯೇ ನನಗೆ ತಿಳಿಯಿತು.

ಊರಿಗೆಲ್ಲ ಒಂದೇ ಮಾತು: "ಕೂಸಿಗೆ ಗಾಳಿ ಸೋಕ್ಯದ." ಗಾಳಿ! ಒಂದು ಸೊಳ್ಳೆ ಹಾರುವಷ್ಟು ಗಾಳಿಯೂ ಇಲ್ಲದ ಖೋಲಿಯಲ್ಲಿ ನನ್ನ ಮಗಳಿಗೆ ಗಾಳಿ ಸೋಕಿತಂತೆ. ಬಂದವರೆಲ್ಲ ಅದನ್ನೇ ಹೇಳಿ, ಕಣ್ಣೊರೆಸಿಕೊಂಡು, ಚಹಾ ಕುಡಿದು ಹೋದರು. ನಾನು ಹೊರಸಿನ ಮೇಲೆ ಕುಳಿತು ಕೇಳಿಸಿಕೊಂಡೆ.

ನಿನ್ನಪ್ಪ ಮಾತ್ರ ಆ ಸಂಜೆ ನನ್ನ ಹತ್ತಿರ ಕುಳಿತು, ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳಿದ: "ಕೂಸು ಬಿಸಿಗೆ ಒಣಗಿ ಹೋಗ್ಯದ ಅಂದ್ರು ಡಾಕ್ಟರು. ಇಂಥ ಬ್ಯಾಸಗ್ಯಾಗ ಖೋಲಿ ಮುಚ್ಚಿ ಕೆಂಡ ಯಾಕ ಇಟ್ಟೀರಿ ಅಂತ ಬೈದ್ರು. ಅವ್ವಗ ಹೇಳಬ್ಯಾಡ. ಕೇಳಿದ್ರ ಎದಿ ಒಡಕೊಂಡು ಸಾಯ್ತಾಳ." ನಾನು ಹೇಳಲಿಲ್ಲ. ಅವನೂ ಹೇಳಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆಯೇ ಉಳಿಯಿತು.

ನಿನ್ನ ಅಜ್ಜಿಯನ್ನು ಕೆಟ್ಟವಳೆಂದುಕೊಳ್ಳಬೇಡ ಮತ್ತೆ, ಹೊಟ್ಟೆಯಲ್ಲಿದ್ದಾಗಲೇ ಬೈಗುಳ ಕಲಿಯಬೇಡ. ಈ ಊರಿನ ಅರ್ಧ ಮಂದಿ ಅವಳ ಕಾಲ ಮೇಲೆ ಮಲಗಿ ನೀರು ಎರೆಸಿಕೊಂಡು ಬೆಳೆದವರು. ಕೂಸು ಹುಟ್ಟಿತೆಂದರೆ "ತಿಮ್ಮವ್ವನ್ನ ಕರೀರಿ, ಆಕಿ ಕೈಗುಣ ಛಲೋ ಅದ" ಎಂದು ಹೇಳಿ ಕಳಿಸುತ್ತಾರೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ ಕುಳಿತು, ಮೊಣಕೈಯಲ್ಲಿ ನೀರಿನ ಬಿಸಿ ನೋಡಿ, ಕೂಸನ್ನು ತಿರುಗಿಸಿ ಮಗುಚಿ ಎರೆಯುವುದನ್ನು ನೋಡಬೇಕು. ನಿನ್ನ ಅಕ್ಕ ಹೋದ ಮೇಲೆ ಬಹಳ ದಿನ ಅವಳು ಹೊಟ್ಟೆ ತುಂಬ ಉಣ್ಣಲಿಲ್ಲ. ಕೆಂಡ ಇಟ್ಟದ್ದು, ಕಿಟಕಿ ಮುಚ್ಚಿದ್ದು ಎಲ್ಲವೂ ಪ್ರೀತಿಯಿಂದಲೇ. ಅದೇ ನನ್ನ ಸಂಕಟ. ದ್ವೇಷದಿಂದ ಮಾಡಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅವಳು ಸುರಪುರದ ಗುಡ್ಡದ ಮಗ್ಗುಲಿನ ಊರಿನವಳು. ಮದುವೆಯಾಗಿ ಬಂದಾಗ ಇಲ್ಲಿ ಕಾಲುವೆ ಇರಲಿಲ್ಲ. ಜೋಳ, ತೊಗರಿ, ಸಜ್ಜೆ, ಕಣ್ಣು ಹಾಯುವವರೆಗೂ ಒಣ ಎರೆನೆಲ. ಆಗಿನ ಬಿಸಿಲು ಒಣ ಝಳ. ಹಗಲು ಮುಖ ಸುಟ್ಟರೂ ಹೊತ್ತು ಮುಳುಗಿದರೆ ಮಾಳಿಗೆಯ ಮೇಲೆ ಕೌದಿ ಹೊದ್ದು ಮಲಗುತ್ತಿದ್ದರಂತೆ. ನಸುಕಿಗೆ ನಡುಗುವ ಬಾಣಂತಿಗೆ ಅಗ್ಗಿಷ್ಟಿಗೆ ಬೇಕೇ ಬೇಕಾಗಿತ್ತೇನೋ. ಆಮೇಲೆ ನಾರಾಯಣಪುರದ ಡ್ಯಾಮಿನ ನೀರು ಬಂತು. ಊರು ಅನ್ನ ಉಂಡಿತು, ನಾವೂ ಉಂಡೆವು, ನಿನ್ನಪ್ಪನಿಗೆ ಕಾಲುವೆಯ ಗೇಟು ಕಾಯುವ ಲಸ್ಕರನ ಕೆಲಸ ಸಿಕ್ಕಿತು. ನೀರನ್ನು ಬೈದರೆ ನಾಲಿಗೆ ಬಿದ್ದುಹೋದೀತು. ಆದರೆ ಝಳ ಹೋಗಿ ಕುದಿ ಬಂತು. ಕುದಿ ಎಂದರೆ ಮುಚ್ಚಿದ ಪಾತ್ರೆಯಲ್ಲಿ ಬೇಯುವುದು. ಹಗಲೂ ರಾತ್ರಿಯೂ ಒಂದೇ. ಮೈಯ ಬೆವರು ಆರುವುದೇ ಇಲ್ಲ. ಇದು ಒಂದು ದಿನದಲ್ಲಿ ಬದಲಾಗಿದ್ದರೆ ಅತ್ತೆಗೂ ತಿಳಿಯುತ್ತಿತ್ತು. ವರ್ಷ ವರ್ಷಕ್ಕೂ ಚೂರು ಚೂರು ಬದಲಾಯಿತು, ಅವಳ ಬಾಣಂತನ ಮಾತ್ರ ಝಳದ ಕಾಲದ್ದೇ ಉಳಿಯಿತು.

ನೀನು ಬರುವ ಸುದ್ದಿ ಗಟ್ಟಿಯಾದ ಮೇಲೆ ನಿನ್ನಪ್ಪ ಯಾದಗಿರಿಗೆ ಹೋಗಿ ಹುಲ್ಲಿನ ಕೂಲರ್ ತಂದ. ತಂದವನ ಮುಖ ನೋಡಬೇಕಿತ್ತು, ಕಾಶ್ಮೀರವನ್ನೇ ಹೊತ್ತು ತಂದವರ ಹಾಗೆ. ನೀರು ತುಂಬಿಸಿ ಹಚ್ಚಿದೆವು. ಒಣ ಗಾಳಿಯಾದರೆ ಕೂಲರ್ ತಂಪು ಮಾಡುತ್ತದೆ. ಮೊದಲೇ ತೊಯ್ದ ಗಾಳಿಗೆ ಇನ್ನಷ್ಟು ನೀರು ಕುಡಿಸಿದರೆ ಏನಾದೀತು? ಖೋಲಿಯೆಲ್ಲ ಪಿಚಿಪಿಚಿ. ಡಬ್ಬಿಯಲ್ಲಿದ್ದ ಸಂಡಿಗೆಗೆ ಬೂಸಲು ಬಂತು, ನನ್ನ ಮೂಗು ಕಟ್ಟಿತು. ಅತ್ತೆ ಮೂಗಿನ ಮೇಲೆ ಬೆರಳಿಟ್ಟು "ಥಂಡಿ ಅಂದ್ರ ಏನಂತ ಈಗರೆ ತಿಳೀತೇನ್ರೆವ್ವ?" ಎಂದಳು. ಅದರ ಮೇಲೆ ಮಧ್ಯಾಹ್ನವಾದರೆ ಕರೆಂಟೂ ಇಲ್ಲ. ಕೂಲರ್ ಈಗ ಹಿತ್ತಲಲ್ಲಿದೆ, ಅದರೊಳಗೆ ಕೋಳಿ ಕಾವಿಗೆ ಕೂತಿದೆ.

ನನ್ನ ತಲೆಗೆ ಸೋಲಾರ್ ಹೊಳೆದದ್ದು ಶಾಲೆಯಲ್ಲಿ. ಹೆಡ್‌ಮಾಸ್ತರರ ಕೋಣೆಯ ಮೇಲೆ ಎರಡು ಫಲಕ ಕೂರಿಸಿದ್ದರು. ಊರಿಗೆಲ್ಲ ಕರೆಂಟು ಹೋದಾಗ ಅಲ್ಲೊಂದು ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು, ನಾವೆಲ್ಲ ಹಾಜರಿ ಪುಸ್ತಕದ ನೆಪ ಮಾಡಿಕೊಂಡು ಅಲ್ಲಿಗೇ ನುಗ್ಗುತ್ತಿದ್ದೆವು. ಬಿಸಿಲು ಎಷ್ಟು ಜೋರೋ ಫ್ಯಾನು ಅಷ್ಟು ಜೋರು. ನನ್ನ ಮಗುವಿಗೂ ಇದೇ ಬೇಕು ಎಂದುಕೊಂಡೆ. ಸೋಲಾರ್ ಕೂರಿಸುವ ನಸೀರುದ್ದೀನನನ್ನು ಶಹಾಪುರದಿಂದ ಕರೆಸಿದೆ. ಎರಡು ಫಲಕ, ಒಂದು ಬ್ಯಾಟರಿ, ಬ್ಯಾಟರಿಯಿಂದಲೇ ಓಡುವ ಒಂದು ಸಣ್ಣ ಫ್ಯಾನು. ನಿನ್ನಪ್ಪ ಮಾಳಿಗೆಗೆ ಸುಣ್ಣ ಬಳಿದು, ಫಲಕಗಳನ್ನು ಬಾಣಂತಿ ಖೋಲಿಯ ಮೇಲೆಯೇ ಎತ್ತರಿಸಿ ನಿಲ್ಲಿಸಲು ಹೇಳಿದ. ಫರಸಿಗೆ ಸ್ವಲ್ಪ ನೆರಳಾದರೂ ಬೀಳಲಿ ಎಂದು. ಕೂಲರ್ ತಂದವನ ತಲೆ ಒಮ್ಮೊಮ್ಮೆ ಹೀಗೂ ಓಡುತ್ತದೆ.

ಫ್ಯಾನು ಯಾವ ಖೋಲಿಗೆ ಎಂದು ಅತ್ತೆಗೆ ಗೊತ್ತಾಯಿತು. "ಯಾರ ಹೆಣಾ ಕೆಡವಾಕ ತಂದೀರಿ ಇದನ್ನ?" ಎಂದು ಬಾಗಿಲಿಗೆ ಅಡ್ಡ ನಿಂತಳು. ನಸೀರುದ್ದೀನ ಪಾಪ, ಪಕ್ಕಡ ಕೈಯಲ್ಲಿ ಹಿಡಿದು, "ಇದು ಲೈನಿನ ಕರೆಂಟ್ ಅಲ್ರಿ ದೊಡ್ಡವ್ವ, ಬಿಸಿಲಿಂದು. ಮ್ಯಾಲಿನ ತಗಡು ಬಿಸಿಲು ತಿಂತದ, ಕರೆಂಟ್ ಕೊಡ್ತದ" ಎಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಿಕೆ ಬರಲಿಲ್ಲ. ಮೊಣಕಾಲು ಹಿಡಿದುಕೊಂಡು ತಾನೇ ನಿಚ್ಚಣಿಕೆ ಹತ್ತಿದಳು. ನಡುಹಗಲು. ಹೋಗಿ ಫಲಕದ ಮೇಲೆ ಅಂಗೈ ಊರಿದಳು. "ಅಯ್ಯ ನಮ್ಮವ್ವ!" ಎಂದು ಕೈ ಝಾಡಿಸಿಕೊಂಡಳು. ಕೆಳಗೆ ನಿಂತ ನಾನು ಇನ್ನು ಮುಗಿಯಿತು ಎಂದುಕೊಂಡೆ.

ಇಳಿದು ಬಂದವಳ ಮುಖವೇ ಬೇರೆ. ಕೆಂಪಾದ ಅಂಗೈಯನ್ನು ನನ್ನ ಮುಂದೆ ಹಿಡಿದು ಕೇಳಿದಳು: "ಹಂಚು ಕಾದಂಗ ಕಾದದ. ಇಷ್ಟು ಉಷ್ಣದಿಂದ ಬರೂ ಗಾಳಿ ಥಂಡಿ ಹ್ಯಾಂಗ ಆಗ್ತದ? ಇದು ಉಷ್ಣದ ಗಾಳಿ. ಬಾಣಂತಿಗೆ ನಡೀತದ."

ನಮ್ಮಲ್ಲಿ ಎಲ್ಲಕ್ಕೂ ಉಷ್ಣ, ಥಂಡಿ ಎಂಬ ಜಾತಿ ಇದೆಯಷ್ಟೆ. ಬೆಲ್ಲ ಉಷ್ಣ, ಬಾಳೆಹಣ್ಣು ಥಂಡಿ, ಬೆಳ್ಳುಳ್ಳಿ ಉಷ್ಣ, ಮೊಸರು ಥಂಡಿ. ಅತ್ತೆ ಗಾಳಿಯನ್ನೂ ಆ ಸಾಲಿನಲ್ಲಿ ಕೂರಿಸಿದ್ದಳು. ನಸೀರುದ್ದೀನ ತಿದ್ದಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟು ನೋಡಿದ ರೀತಿಗೆ ತೆರೆದ ಬಾಯಿ ಮುಚ್ಚಿ, "ಹೌದ್ರಿ ದೊಡ್ಡವ್ವ, ಖರೇ ಅದ, ಒರಿಜಿನಲ್ ಉಷ್ಣ" ಎಂದ. ನಾನೂ ಹೂಂಗುಟ್ಟಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಹೂಂಗುಟ್ಟಿದೆ! ನಾಚಿಕೆ ಏನೂ ಆಗಲಿಲ್ಲ. ನಿನಗೆ ಗಾಳಿ ಸಿಗುವುದಾದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದರೂ ಹೂಂಗುಟ್ಟುತ್ತಿದ್ದೆ.

ಆಮೇಲಿನ ಸಂಭ್ರಮ ಕೇಳಬೇಡ. ಅತ್ತೆ ಬ್ಯಾಟರಿಗೆ ಕುಂಕುಮ ಹಚ್ಚಿದಳು. ತಾನೇ ಮೊದಲು ಫ್ಯಾನಿನ ಕೆಳಗೆ ಕುಳಿತು ಪರೀಕ್ಷೆ ಮಾಡುತ್ತೇನೆಂದು ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತು, ಹಾಗೇ ಒರಗಿ ಗೊರಕೆ ಹೊಡೆದಳು. ಎದ್ದವಳು ಪಕ್ಕದ ಮನೆಯ ಕರೆಮ್ಮನನ್ನು ಕೂಗಿ ಕರೆದು "ನೋಡ ಬಾ, ನಮ್ಮ ಮನ್ಯಾಗ ಬಿಸಿಲ ಗಾಳಿ ಬಂದದ, ಮೈಗೆ ಹತ್ತಂಗಿಲ್ಲ" ಎಂದು ತೋರಿಸಿದಳು. ಕಿಟಕಿಗೆ ಹಳೆಯ ಸೀರೆಯನ್ನು ಆಗಲೇ ತುರುಕಿಟ್ಟಿದ್ದಳು, ಅಗ್ಗಿಷ್ಟಿಗೆಯನ್ನು ತೊಳೆದಿಟ್ಟಿದ್ದಳು. ಇರಲಿ, ಮೊದಲು ಫ್ಯಾನು, ಆಮೇಲೆ ಕಿಟಕಿ, ಆಮೇಲೆ ಕೆಂಡ, ಒಂದೊಂದಾಗಿ ಗೆಲ್ಲುತ್ತೇನೆ ಎಂದು ನನ್ನ ಲೆಕ್ಕ. ಆ ಮಧ್ಯಾಹ್ನ ಆ ಗಾಳಿಯಲ್ಲಿ ನಾನು ನಿದ್ದೆ ಮಾಡಿದೆ. ನೀನೂ ಒದೆಯಲಿಲ್ಲ.

ಹೊತ್ತು ಮುಳುಗಿತು ನೋಡು, ಅತ್ತೆ ಕಸಬರಿಗೆಯ ಹಿಡಿಯಿಂದ ಸ್ವಿಚ್ಚು ಒತ್ತಿ ಫ್ಯಾನು ಆರಿಸಿದಳು.

"ಯಾಕತ್ತಿ?" ಎಂದೆ.

"ಬಿಸಿಲು ಹೋತಲ್ಲ. ಈಗ ಬರೂದು ಥಂಡಿ ಗಾಳಿ."

ಇದು ಹಗಲಿನ ಬಿಸಿಲೇ, ಬ್ಯಾಟರಿಯೊಳಗೆ ಕೂಡಿಟ್ಟದ್ದು ಎಂದು ತಿಳಿಸಿ ಹೇಳಿದೆ. ಅವಳು ಶಾಂತವಾಗಿಯೇ ಕೇಳಿಸಿಕೊಂಡಳು. "ಮುಂಜಾನಿ ಕಾಯಿಸಿದ ನೀರು ಸಂಜಿತನಕ ಬಿಸಿ ಇರ್ತದೇನು ಸುಂದ್ರಿ? ಕೂಡಿಟ್ಟ ಬಿಸಿಲೂ ಹಂಗ. ರಾತ್ರಿ ಆರಿ ತಣ್ಣಗ ಆಗಿರ್ತದ" ಎಂದಳು. ನಾನು ಹೂಂಗುಟ್ಟಿದ ಮಾತಿನಿಂದಲೇ ನನ್ನ ಬಾಯಿ ಕಟ್ಟಿದಳು. ಉಷ್ಣದ ಗಾಳಿ ನಿಜವಾದರೆ ಆರಿದ ಗಾಳಿಯೂ ನಿಜವಲ್ಲವೇ? ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ನಿನ್ನ ಅಕ್ಕನನ್ನು ತಿಂದದ್ದು ಹಗಲಲ್ಲ, ರಾತ್ರಿ. ರಾತ್ರಿ ನಿಂತು ಹಗಲು ತಿರುಗುವ ಫ್ಯಾನು ಯಾವ ಸುಡುಗಾಡಿಗೆ? ಕದ್ದು ಹಚ್ಚೋಣವೆಂದರೆ ಬಾಣಂತನ ಮುಗಿಯುವವರೆಗೆ ಅವಳು ಆ ಖೋಲಿಯ ಹೊಸ್ತಿಲಲ್ಲೇ ಅಡ್ಡಲಾಗಿ ಮಲಗುತ್ತಾಳೆ. ಬೆಕ್ಕು ದಾಟಿದರೂ ಎಚ್ಚರಾಗುತ್ತಾಳೆ.

ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಕುಳಿತು ಅವಳು ನಿನಗೆ ಕುಂಚಿಗೆ ಹೊಲಿಯುತ್ತಿದ್ದಳು. ಒಳಗೆ ಅರಳೆ ತುಂಬಿ, ದಪ್ಪಗೆ. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಭಾರದ ಹೊಟ್ಟೆ ಹಿಡಿದು ಅವಳೆದುರು ಕುಳಿತೆ.

"ಅತ್ತಿ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಆ ಗಾಳಿ ಉಷ್ಣ ಅಲ್ಲ. ನಾ ಸುಮ್ಮನ ಹೂಂ ಅಂದಿದ್ದೆ. ಬಿಸಿಲಿಂದ ಬರ್ಲಿ, ಲೈನಿಂದ ಬರ್ಲಿ, ಗಾಳಿ ಅಂದ್ರ ಗಾಳಿ."

ಅವಳು ತಲೆ ಎತ್ತಲಿಲ್ಲ. "ಹಂಗಾದ್ರ ಹಗಲೂ ಬ್ಯಾಡ. ಆ ನಸೀರಗ ಹೇಳು, ಬಿಚ್ಚಿಕೊಂಡು ಹೋಗ್ಲಿ" ಎಂದಳು.

ಇದ್ದ ಅರ್ಧವನ್ನೂ ನನ್ನ ಕೈಯಾರೆ ಕಳೆದುಕೊಂಡೆನಲ್ಲ! ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ. ನೀನು ಒಳಗಿನಿಂದ ಒಂದು ಸಲ ಹೊರಳಿದೆ, ಅಷ್ಟೇ, ಬಾಯಿಗೆ ಬಂದೇಬಿಟ್ಟಿತು.

"ಆ ಕೂಸಿಗೆ ಗಾಳಿ ಸೋಕಿದ್ದಿಲ್ಲ ಅತ್ತಿ. ಗಾಳಿ ಸಿಕ್ಕಿದ್ದಿಲ್ಲ."

ಸೂಜಿ ನಿಂತಿತು.

"ಯಾರಂದ್ರು?"

"ಡಾಕ್ಟರು. ಅವತ್ತೇ."

"ಮರಿಲಿಂಗಗ ಗೊತ್ತದ?"

"ಗೊತ್ತದ್ರಿ."

"ನಿನಗೂ?"

ನಾನು ತಲೆಯಾಡಿಸಿದೆ. ಬೈಯಲಿ, ಎದೆ ಬಡಿದುಕೊಳ್ಳಲಿ, ಕೈಗೆ ಸಿಕ್ಕದ್ದನ್ನು ಎತ್ತಿ ಒಗೆಯಲಿ ಎಂದು ಕಾದೆ. ಅವಳು ಮೆಲ್ಲಗೆ ಇಷ್ಟೇ ಅಂದಳು: "ಗೊತ್ತಿದ್ದೂ ಇಷ್ಟು ದಿನ ನನ್ನ ಕೈಯಾಗ ಉಂಡ್ರಿ."

ಎದ್ದು ಖೋಲಿಗೆ ಹೋದಳು. ಕಿಟಕಿಗೆ ತುರುಕಿದ್ದ ಸೀರೆಯನ್ನು ಎಳೆದು ತೆಗೆಯುವ ಸದ್ದು ಕೇಳಿಸಿತು. ಅಗ್ಗಿಷ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಒಗೆದು ಬಂದಳು. ಅರ್ಧ ಹೊಲಿದ ಕುಂಚಿಗೆಯ ದಾರವನ್ನು ಹಲ್ಲಿನಿಂದ ಕಡಿದು, ಮಡಚಿ, ನನ್ನ ಮಡಿಲಲ್ಲಿ ಇಟ್ಟಳು. "ಹಗಲೂ ತಿರುಗ್ಲಿ, ರಾತ್ರಿನೂ ತಿರುಗ್ಲಿ. ನೀ ಹೆಂಗ ಅಂತಿ ಹಂಗ. ನಾ ಇನ್ನ ಆ ಖೋಲ್ಯಾಗ ಕಾಲಿಡಂಗಿಲ್ಲ. ಕೂಸಿಗೆ ಎರೆಯಾಕ ಯಾರನ್ನರೆ ನೋಡಿಕೊ" ಎಂದಳು.

ಅಂದಿನಿಂದ ಫ್ಯಾನು ರಾತ್ರಿಯೂ ತಿರುಗುತ್ತಿದೆ. ಕಿಟಕಿ ತೆರೆದಿದೆ, ಸೊಳ್ಳೆ ಬರದಂತೆ ಜಾಳಿಗೆ ಹೊಡೆಸಿದ್ದೇನೆ. ಫರಸಿಯಿಂದ ಇಳಿಯುವ ಕಾವು ಹೊರಗೆ ಹೋಗಲು ದಾರಿ ಸಿಕ್ಕಿದೆ. ಬೆಳಗಿನ ಜಾವ ಗೋಡೆ ಮುಟ್ಟಿ ನೋಡಿದೆ, ಒಣಗಿತ್ತು. ನಾನು ಕೇಳಿದ್ದೆಲ್ಲ ಸಿಕ್ಕಿತು. ಆದರೂ ಅಳುಕು ಹೋಗುತ್ತಿಲ್ಲ. ಮೋಡ ಮುಸುಕಿದ ದಿನ ಬ್ಯಾಟರಿ ಬೆಳಗಿನವರೆಗೆ ತಾಳುತ್ತದೆಯೇ? ಗಾಳಿ ಹೆಚ್ಚಾಗಿ ನಿನಗೆ ನಿಜಕ್ಕೂ ನೆಗಡಿಯಾದರೆ? ಆಗ ಊರೆಲ್ಲ ನನ್ನ ಕಡೆ ಬೆರಳು ಮಾಡುತ್ತದೆ. ಬೆರಳಿನ ಚಿಂತೆ ಇಲ್ಲ, ನಿನ್ನ ಚಿಂತೆ. ಸೀನು ಬಂದರೂ ಹೆದರುತ್ತೇನೆ, ಸೆಕೆಯಾದರೂ ಹೆದರುತ್ತೇನೆ. ನಿನ್ನನ್ನು ಎತ್ತಿ ಎರೆಯುವವರು ಯಾರು? ನಿನ್ನ ಅಕ್ಕನಿಗೆ ಎಲ್ಲವನ್ನೂ ಅತ್ತೆಯೇ ಮಾಡಿದ್ದಳು, ನನಗೆ ಏನೂ ಗೊತ್ತಿಲ್ಲ.

ನಿನ್ನಪ್ಪ ಒಂದು ಸಂಜೆ "ನಾ ಹೇಳಬ್ಯಾಡ ಅಂದಿದ್ದೆ" ಎಂದ. ನನಗೆ ಎಲ್ಲಿತ್ತೋ ಸಿಟ್ಟು! "ಹೇಳಲಿಲ್ಲಂದ್ರ ಈ ಕೂಸನ್ನೂ ಬೈಕಿನ ಮ್ಯಾಲ ಒಯ್ತಿದ್ದೆಲ್ಲ?" ಎಂದೆ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಲುವೆಯ ಗೇಟಿನ ಕಡೆ ಹೋಗಿಬಿಟ್ಟ. ಅಷ್ಟು ಕಟುವಾಗಿ ಅನ್ನಬಾರದಿತ್ತು. ಆದರೆ ಅತ್ತೆಗೆ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಆ ಬೆಳಗು ಬಂದರೆ ಮತ್ತೆ ಅದನ್ನೇ ಹೇಳುತ್ತೇನೆ. ಸಂಕಟ ಮಾತ್ರ ಇದೆ, ಬಹಳ ಇದೆ.

ಮೊನ್ನೆ ಕರೆಮ್ಮನ ಮಗಳು ಹೆತ್ತು ಬಂದಳು. ಕೂಸಿಗೆ ಎರೆಯಲು ಬಾ ಎಂದು ಕರೆಯಲು ಕರೆಮ್ಮ ತಾನೇ ಬಂದಿದ್ದಳು. ನಿನ್ನ ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ಕಣ್ಣೆತ್ತದೆ, "ನನ್ನ ಕೈಗುಣ ಛಲೋ ಇಲ್ಲವ್ವ. ಬ್ಯಾರೇದವರನ್ನ ಕರಕೊ" ಎಂದಳು. ಕರೆಮ್ಮ ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡಿದಳು. ಊರಿಗೆ ಊರೇ ಹೊಗಳಿದ ಕೈ ಅದು. ನಾನು ಒಳಗೆ ಹೋಗಿ ಫ್ಯಾನಿನ ಕೆಳಗೆ ನಿಂತೆ. ಗಾಳಿ ಬರುತ್ತಲೇ ಇತ್ತು, ನನಗೆ ಉಸ್ಸೆನ್ನಿಸಲಿಲ್ಲ. ನಿನಗೆ ಗಾಳಿ ತರಲು ಹೋಗಿ ನಿನ್ನ ಅಜ್ಜಿಯನ್ನೇ ಕಳೆದುಬಿಟ್ಟೆನೇನೋ ಕೂಸೇ.

ಅವಳು ಅಂಗಳದಲ್ಲಿ ಮಲಗುತ್ತಾಳೆ. ಉಣ್ಣಲು ಕರೆದರೆ ಬರುತ್ತಾಳೆ, ಬಡಿಸುವುದನ್ನು ನನಗೇ ಬಿಟ್ಟಿದ್ದಾಳೆ. "ಅತ್ತಿ, ನಿಮ್ಮ ತಪ್ಪಲ್ಲ, ಕಾಲುವಿ ಬಂದು ಹವಾ ಬದಲಾತು, ನಿಮಗ ಯಾರು ಹೇಳ್ಯಾರ?" ಎಂದು ಕೈ ಹಿಡಿದು ಹೇಳಿದೆ. ಕೈ ಬಿಡಿಸಿಕೊಂಡಳು. ನನ್ನ ಮಾತು ಅವಳಿಗೆ ಇನ್ನು ಹತ್ತುವುದಿಲ್ಲ. ನಿನ್ನಪ್ಪನದಂತೂ ಕೇಳಿಸುವುದೇ ಇಲ್ಲ.

ಹಾಗಾಗಿ ಒಂದು ಕೆಲಸವನ್ನು ನಿನಗೇ ಒಪ್ಪಿಸುತ್ತಿದ್ದೇನೆ. ಹುಟ್ಟುವ ಮೊದಲೇ ಕೆಲಸ ಹೇಳುವ ಅವ್ವ ಎಂದು ಬೈದುಕೋ, ಪರವಾಗಿಲ್ಲ. ಆಸ್ಪತ್ರೆಯಿಂದ ಬಂದ ದಿನ ಬಚ್ಚಲಲ್ಲಿ ನೀರು ಕಾಯಿಸಿಡುತ್ತೇನೆ. ಯಾರನ್ನೂ ಕರೆಯುವುದಿಲ್ಲ. ಅಂಗಳದಲ್ಲಿ ನಿನ್ನ ಅಜ್ಜಿ ಕಾಲು ಚಾಚಿ ಕುಳಿತಿರುತ್ತಾಳಲ್ಲ, ಕೇಳದೆ ಹೇಳದೆ ನಿನ್ನನ್ನು ಅವಳ ಕಾಲ ಮೇಲೆ ಮಲಗಿಸಿ ನಾನು ಒಳಗೆ ಬಂದುಬಿಡುತ್ತೇನೆ. ತಿರುಗಿ ನೋಡುವುದಿಲ್ಲ. ಆಮೇಲಿನದು ನಿನ್ನದು. ನಾಚಬೇಡ, ನನ್ನ ಮರ್ಯಾದೆ ನೋಡಬೇಡ. ಅಳು. ಮಾಳಿಗೆ ಹಾರಿ ಹೋಗುವಂತೆ ಅಳು. ಕಾಲುವೆಯ ಗೇಟಿನ ಬಳಿ ನಿಂತ ನಿನ್ನಪ್ಪನಿಗೆ ಕೇಳಿಸಲಿ. ಅಳುವ ಕೂಸನ್ನು ಕಾಲ ಮೇಲೆ ಇಟ್ಟುಕೊಂಡು ಕೈಕಟ್ಟಿ ಕುಳಿತುಕೊಳ್ಳಲು ಅವಳಿಗೆ ಬರುವುದಿಲ್ಲ, ಅದು ನನಗೆ ಗೊತ್ತು. ಅವಳ ಕೈ ನಿನ್ನನ್ನು ಮುಟ್ಟುವವರೆಗೆ ಸುಮ್ಮನಾಗಬೇಡ.

ನಿನ್ನ ಉಸಿರು ಸಲೀಸಾಗಿರಲಿ, ಗಂಟಲು ಗಟ್ಟಿಯಾಗಿರಲಿ. ಹೆದರುತ್ತಲೇ ದಾರಿ ಕಾಯುತ್ತಿದ್ದೇನೆ, ಬಾ.

ನಿನ್ನ ಅವ್ವ,
ಸುಂದ್ರಮ್ಮ